ಮರಳಿನ ಮೇಲೆ ಒಂದು ಹೆಜ್ಜೆ

"ನನ್ನೊಬ್ಬನಿಂದ ಏನಾದೀತು?" ಈ ಮಾತನ್ನು ನೀವು ಎಷ್ಟು ಸಲ ಕೇಳಿಲ್ಲ! ಎಷ್ಟು ಸಲ ನೀವೇ ಆಡಿಲ್ಲ! ಬಸ್ಸಿನ ಕಿಟಕಿಯಿಂದ ಬಾಳೆಹಣ್ಣಿನ ಸಿಪ್ಪೆಯನ್ನೋ ಪ್ಲಾಸ್ಟಿಕ್ ಚೀಲವನ್ನೋ ಎಸೆಯುವಾಗ, ಮತದಾನದ ದಿನ ಮನೆಯಲ್ಲೇ ಉಳಿಯುವಾಗ, ಸರದಿಯ ಸಾಲನ್ನು ಮುರಿದು ಮುಂದೆ ನುಗ್ಗುವಾಗ ನಮ್ಮ ಮನಸ್ಸಾಕ್ಷಿಗೆ ನಾವು ಕೊಡುವ ಸಮಾಧಾನ ಇದೇ. ಇದು ಪೂರ್ತಿ ಸುಳ್ಳು ಸಮಾಧಾನವೂ ಅಲ್ಲ. ಒಂದು ಸಿಪ್ಪೆಯಿಂದ ಊರು ಕೊಳೆಯುವುದಿಲ್ಲ. ಒಂದು ಮತದಿಂದ ಸರ್ಕಾರ ಬೀಳುವುದಿಲ್ಲ. ಹಾಗಾದರೆ ತಪ್ಪು ಎಲ್ಲಿದೆ? ಈ ಪ್ರಶ್ನೆ ನನ್ನನ್ನು ಗಂಭೀರವಾಗಿ ಕಾಡಿದ್ದು ಪುಸ್ತಕ ಓದುವಾಗ ಅಲ್ಲ. ಒಂದು ಮರಳ ದಿಬ್ಬದ ಮೇಲೆ ತಪ್ಪು ಹೆಜ್ಜೆ ಇಟ್ಟಾಗ.

2023ರ ಬೇಸಿಗೆಯಲ್ಲಿ ಫ್ರಾನ್ಸ್ ದೇಶದ ನೈಋತ್ಯ ಕರಾವಳಿಯ ಒಂದು ಧರ್ಮಕೇಂದ್ರದಲ್ಲಿ ಒಂದು ತಿಂಗಳು ಇದ್ದೆ. ಅಲ್ಲಿನ ಗುರುಗಳು ರಜೆಯ ಮೇಲೆ ಹೋದಾಗ ಅವರ ಬದಲಿಗೆ ಬಲಿಪೂಜೆ ಅರ್ಪಿಸುವುದು ನನ್ನ ಕೆಲಸ. ಆ ಕರಾವಳಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಉತ್ತರದಲ್ಲಿ ಜಿರೋಂದ್ ನದಿಯ ಅಳಿವೆಯಿಂದ ದಕ್ಷಿಣಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಗೆರೆ ಎಳೆದಂತೆ ನೇರವಾದ ಮರಳ ದಂಡೆ. ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರ. ದಂಡೆಯ ಬೆನ್ನಿಗೆ ಹುಲ್ಲು ಹೊದ್ದ ಮರಳ ದಿಬ್ಬಗಳು. ದಿಬ್ಬಗಳ ಹಿಂದೆ ಕಣ್ಣು ಹಾಯುವವರೆಗೂ ಪೈನ್ ಮರಗಳ ಕಾಡು. ಲಾಂದ್ ಎಂದು ಕರೆಯುವ ಆ ಕಾಡಿನ ವಿಸ್ತಾರ ಸುಮಾರು 10 ಲಕ್ಷ ಹೆಕ್ಟೇರ್. ಅದರ ಬಹುಪಾಲು ಮನುಷ್ಯರು ಬಿತ್ತಿ ಬೆಳೆಸಿದ್ದು.

ಒಂದು ಸಂಜೆ ಆ ಧರ್ಮಕೇಂದ್ರದ ಒಬ್ಬ ಹಿರಿಯರು ನನ್ನನ್ನು ಅಳಿವೆಯ ಬಳಿಯ ಸೂಲಾಕ್ ಎಂಬ ಊರಿಗೆ ಕರೆದೊಯ್ದರು. ದಂಡೆಗೆ ಇಳಿಯುವ ದಾರಿಯ ಎರಡೂ ಬದಿಗೆ ಸೀಳಿದ ಮರದ ಕಡ್ಡಿಗಳನ್ನು ತಂತಿಯಲ್ಲಿ ಕಟ್ಟಿದ ಮೊಣಕಾಲೆತ್ತರದ ಬೇಲಿ. ಬೇಲಿಯ ಆಚೆ ದಿಬ್ಬದ ನೆತ್ತಿ. ಸೂರ್ಯ ಮುಳುಗುತ್ತಿದ್ದ. ಊರಿನಲ್ಲಿರುವ ಅಮ್ಮನಿಗೆ ಒಂದು ಒಳ್ಳೆಯ ಫೋಟೋ ಕಳುಹಿಸಬೇಕೆಂಬ ಆಸೆ. ಬೇಲಿ ದಾಟಿದೆ. ಹತ್ತು ಹನ್ನೆರಡು ಹೆಜ್ಜೆ, ಅಷ್ಟೇ. ಫೋಟೋ ತೆಗೆದು ತಿರುಗಿದಾಗ ಆ ಹಿರಿಯರು ಬೇಲಿಯ ಈಚೆಯೇ ನಿಂತಿದ್ದರು. ಅವರು ಗದರಲಿಲ್ಲ. "ಪರವಾಗಿಲ್ಲ ಫಾದರ್, ಒಂದು ಹೆಜ್ಜೆಗೆ ದಿಬ್ಬ ಬೀಳುವುದಿಲ್ಲ. ಆದರೆ ನಿಮ್ಮ ಹಿಂದೆ ನೋಡಿ" ಎಂದರು. ನೋಡಿದೆ. ಒಂದು ಕುಟುಂಬ, ಅಪ್ಪ, ಅಮ್ಮ, ಇಬ್ಬರು ಮಕ್ಕಳು, ನನ್ನ ಹೆಜ್ಜೆಗಳ ಮೇಲೆಯೇ ಹೆಜ್ಜೆ ಇಟ್ಟು ಮೇಲೆ ಬರುತ್ತಿದ್ದರು. ನಾನು ಗುರುಗಳ ಕಾಲರ್ ಧರಿಸಿದ್ದೆ. ಪಾದ್ರಿಯೇ ದಾಟಿದ ಮೇಲೆ ದಾಟಬಹುದು ಎಂದು ಅವರಿಗೆ ಅನಿಸಿರಬೇಕು.

ಬೇಲಿ ಕಾಯುತ್ತಿದ್ದದ್ದು ಮರಳನ್ನಲ್ಲ, ಒಂದು ಜಾತಿಯ ಹುಲ್ಲನ್ನು. ಅಲ್ಲಿನವರು ಅದನ್ನು ಗುರ್ಬೆ ಎನ್ನುತ್ತಾರೆ. ನಮ್ಮ ಕಡಲತೀರದಲ್ಲಿ ಅಡುಂಬು ಬಳ್ಳಿ ಮಾಡುವ ಕೆಲಸವನ್ನೇ ಅಲ್ಲಿ ಈ ಹುಲ್ಲು ಮಾಡುತ್ತದೆ. ಗಾಳಿ ತಂದ ಮರಳನ್ನು ಅದರ ಎಲೆಗಳು ತಡೆದು ನಿಲ್ಲಿಸುತ್ತವೆ. ಮರಳು ಅದನ್ನು ಹೂತರೆ ಅದು ಸಾಯುವುದಿಲ್ಲ, ಮರಳಿನ ಮೇಲಕ್ಕೆ ಮತ್ತೆ ಚಿಗುರುತ್ತದೆ. ಹೂತಷ್ಟೂ ಏಳುತ್ತದೆ. ಕೆಳಗೆ ಅದರ ಬೇರು ಬಲೆಯಂತೆ ಹರಡುತ್ತದೆ. ಬಿರುಗಾಳಿಯನ್ನು, ಉಪ್ಪನ್ನು, ಬಿಸಿಲನ್ನು ತಾಳುವ ಈ ಹುಲ್ಲು ತಾಳಲಾರದ್ದು ಒಂದೇ, ಮತ್ತೆ ಮತ್ತೆ ಬೀಳುವ ಮನುಷ್ಯನ ಕಾಲ್ತುಳಿತ. ತುಳಿದಲ್ಲಿ ಹುಲ್ಲು ಸಾಯುತ್ತದೆ. ಬೋಳಾದ ಜಾಗಕ್ಕೆ ಗಾಳಿ ಬಾಯಿ ಹಾಕುತ್ತದೆ. ಸಣ್ಣ ಗುಂಡಿ ದೊಡ್ಡದಾಗುತ್ತದೆ, ಒಂದು ದಿನ ದಿಬ್ಬವೇ ಸೀಳುತ್ತದೆ. ಆಮೇಲೆ ಮರಳು ಒಳನಾಡಿಗೆ ಹೊರಡುತ್ತದೆ.

ಮರಳು ಹೊರಟರೆ ಏನಾಗುತ್ತದೆಂದು ತಿಳಿಯಲು ಸೂಲಾಕಿನ ಜನರಿಗೆ ಯಾರ ಉಪದೇಶವೂ ಬೇಡ. ಅವರ ದೇವಾಲಯವೇ ಸಾಕ್ಷಿ. "ಭೂಮಿಯ ಅಂಚಿನ ಮಾತೆ" ಎಂಬ ಅರ್ಥದ ಹೆಸರಿನಲ್ಲಿ ಮರಿಯಮ್ಮನವರಿಗೆ ಅರ್ಪಿತವಾದ ಆ ಬೆಸಿಲಿಕ 12ನೆಯ ಶತಮಾನದ್ದು. ಸ್ಪೇನಿನ ಸಂತ ಯಾಕೋಬರ ಕ್ಷೇತ್ರವಾದ ಕಾಂಪೋಸ್ತೆಲಾಗೆ ಹೋಗುವ ಯಾತ್ರಿಕರು ಅಲ್ಲಿ ತಂಗುತ್ತಿದ್ದರು. ಸಾಗರ ತಂದು ಹಾಕಿದ ಮರಳನ್ನು ಪಶ್ಚಿಮದ ಗಾಳಿ ವರ್ಷವರ್ಷವೂ ಒಳಗೆ ತಳ್ಳಿತು. ಜನ ನೆಲಗಟ್ಟನ್ನು ಎತ್ತರಿಸಿದರು, ಮರಳೂ ಏರಿತು. 18ನೆಯ ಶತಮಾನದ ನಡುವಿನ ಹೊತ್ತಿಗೆ ದೇವಾಲಯವನ್ನು ಬಿಟ್ಟು ಹೋಗಲೇಬೇಕಾಯಿತು. ಸುಮಾರು ನೂರು ವರ್ಷ ಅದು ಮರಳಿನ ಗರ್ಭದಲ್ಲಿತ್ತು. 1859ರ ಸುಮಾರಿಗೆ ಅದನ್ನು ಅಗೆದು ಹೊರತೆಗೆಯಲಾರಂಭಿಸಿದರು. ಇಂದು ಅಲ್ಲಿ ಮತ್ತೆ ಬಲಿಪೂಜೆ ನಡೆಯುತ್ತದೆ. 1998ರಲ್ಲಿ ಯಾತ್ರಾಮಾರ್ಗದ ಇತರ ಸ್ಮಾರಕಗಳ ಜೊತೆಗೆ ಅದೂ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈಗಲೂ ದೇವಾಲಯ ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದೆ. ನಾನು ಆ ತಂಪಾದ ಗೋಡೆಗಳ ನಡುವೆ ಮೊಣಕಾಲೂರಿದಾಗ ಪ್ರಾರ್ಥನೆಗಿಂತ ಮೊದಲು ಮನಸ್ಸಿಗೆ ಬಂದದ್ದು ಬೇಲಿಯ ಆಚೆಯ ನನ್ನ ಹನ್ನೆರಡು ಹೆಜ್ಜೆಗಳು.

ಈಗ ನಮ್ಮ ಪ್ರಶ್ನೆಗೆ ಬರೋಣ. ಗುರುಮಠದಲ್ಲಿ ತತ್ವಶಾಸ್ತ್ರದ ತರಗತಿಯಲ್ಲಿ ನಮಗೊಂದು ಹಳೆಯ ಒಗಟನ್ನು ಕಲಿಸಿದ್ದರು. ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ಚಿಂತಕ ಯೂಬುಲಿಡೀಸ್ ಅವರದೆಂದು ಹೇಳಲಾಗುವ ಒಗಟು ಅದು. ಮರಳಿನ ಒಂದು ಕಣ ರಾಶಿಯೇ? ಅಲ್ಲ. ಅದಕ್ಕೆ ಇನ್ನೊಂದು ಕಣ ಸೇರಿಸಿದರೆ? ಆಗಲೂ ಅಲ್ಲ. ಒಂದೇ ಒಂದು ಕಣದಿಂದ ರಾಶಿಯಲ್ಲದ್ದು ರಾಶಿಯಾಗದು ಎನ್ನುವುದಾದರೆ ಎಷ್ಟು ಕಣ ಸೇರಿಸಿದರೂ ರಾಶಿ ಆಗಲೇಬಾರದು. ಆದರೆ ನಮ್ಮ ಕಣ್ಣ ಮುಂದೆಯೇ ರಾಶಿ ಇದೆ! ಅಂದು ನಾವು ನಕ್ಕೆವು, ಪರೀಕ್ಷೆಗೆ ಬರೆದೆವು, ಮರೆತೆವು. "ನನ್ನೊಬ್ಬನಿಂದ ಏನಾದೀತು?" ಎಂಬ ಮಾತು ಇದೇ ಒಗಟಿನ ಮರಿ ಎಂದು ಆಗ ತಿಳಿಯಲಿಲ್ಲ. ಒಂದು ಹೆಜ್ಜೆ ದಿಬ್ಬವನ್ನು ಮುರಿಯದು. ಮುಂದಿನ ಹೆಜ್ಜೆಯೂ ಮುರಿಯದು. ಯಾರ ಹೆಜ್ಜೆಯೂ ಮುರಿಯದು. ಆದರೂ ದಿಬ್ಬ ಮುರಿಯುತ್ತದೆ, ತಪ್ಪಿತಸ್ಥರು ಯಾರೂ ಇರುವುದಿಲ್ಲ.

ಈ ವಾದದ ದೋಷ ಎಲ್ಲಿದೆ ಎಂಬುದನ್ನು ಆ ಕಾಡೇ ನನಗೆ ತೋರಿಸಿತು. ದಿಬ್ಬಗಳನ್ನು ನಿಲ್ಲಿಸಿದ್ದು ಹೇಗೆ ಗೊತ್ತೇ? ಬೀಜ ಬಿತ್ತಿ. 18ನೆಯ ಶತಮಾನದ ಕೊನೆಯಲ್ಲಿ ಬ್ರೆಮೊಂತಿಯೆ ಎಂಬ ಎಂಜಿನಿಯರ್ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದರು. ಅವರ ಹೆಸರೇ ಪ್ರಸಿದ್ಧ. ಆದರೆ ಅವರಿಗಿಂತ ಮೊದಲೇ ದೆಬಿಯೆ ಎಂಬ ಇಬ್ಬರು ಸಹೋದರರು ಅದನ್ನು ಪ್ರಯತ್ನಿಸಿದ್ದರು. ಅವರಲ್ಲಿ ಒಬ್ಬರು ನನ್ನಂತೆಯೇ ಗುರುಗಳು. ವಿಧಾನ ಸರಳ. ಪೈನ್ ಬೀಜದ ಜೊತೆಗೆ ಬೇಗ ಬೆಳೆಯುವ ಪೊದೆಗಿಡಗಳ ಬೀಜವನ್ನೂ ಬಿತ್ತುವುದು, ಗಾಳಿಗೆ ಹಾರದಂತೆ ಮೇಲೆ ಸೊಪ್ಪುಸದೆಯ ಕೊಂಬೆಗಳನ್ನು ಹೊದಿಸುವುದು. ಪೊದೆಯ ಮರೆಯಲ್ಲಿ ಪೈನ್ ಸಸಿ ಮೆಲ್ಲನೆ ಏಳುತ್ತದೆ. ಕಡಲ ಬದಿಗೆ ಹಲಗೆಯ ತಡೆ. ಮರಳು ಹಲಗೆಯ ತುದಿ ಮುಟ್ಟಿದಾಗ ಹಲಗೆಯನ್ನು ಮೇಲಕ್ಕೆ ಎಳೆದು ನಿಲ್ಲಿಸುವುದು. ಹೀಗೆ ವರ್ಷಗಟ್ಟಲೆ ನಡೆಯಿತು. ಬಿತ್ತಿದ ಕೂಲಿಕಾರರಲ್ಲಿ ಎಷ್ಟೋ ಮಂದಿ ಆ ಮರಗಳ ನೆರಳು ನೋಡದೆಯೇ ತೀರಿಕೊಂಡಿರಬೇಕು.

ಈಗ ಹೇಳಿ, ಒಂದು ಪೈನ್ ಬೀಜ ಮರಳಿನ ದಿಬ್ಬವನ್ನು ನಿಲ್ಲಿಸೀತೆ? ನಿಲ್ಲಿಸದು. ಎರಡನೆಯ ಬೀಜ? ಅದೂ ಇಲ್ಲ. "ನನ್ನೊಂದು ಹೆಜ್ಜೆಯಿಂದ ಏನೂ ಆಗದು" ಎನ್ನುವವನು "ನನ್ನೊಂದು ಬೀಜದಿಂದ ಏನೂ ಆಗದು" ಎಂದೂ ಒಪ್ಪಲೇಬೇಕು. ಆದರೆ ನಾವು ಹಾಗೆ ಮಾಡುವುದಿಲ್ಲ. ಒಳ್ಳೆಯದರಲ್ಲಿ ನಮ್ಮ ಪಾಲನ್ನು ಹೆಮ್ಮೆಯಿಂದ ಎಣಿಸುತ್ತೇವೆ. ದೇವಾಲಯದ ಕಟ್ಟಡಕ್ಕೆ ಕೊಟ್ಟ ನೂರು ರೂಪಾಯಿಗೆ ರಸೀದಿ ಕೇಳುತ್ತೇವೆ. ಕೆಟ್ಟದ್ದರಲ್ಲಿ ಮಾತ್ರ ನಮ್ಮ ಪಾಲು ಸೊನ್ನೆ! ತಕ್ಕಡಿಯ ಎರಡು ತಟ್ಟೆಗೆ ಎರಡು ಬೇರೆ ಬೇರೆ ಬೊಟ್ಟು ಇಡುವ ವ್ಯಾಪಾರಿಯನ್ನು ನಾವು ಪ್ರಾಮಾಣಿಕ ಎನ್ನುತ್ತೇವೆಯೇ?

ಇದಕ್ಕೆ ನೀವು ಒಂದು ಆಕ್ಷೇಪ ಎತ್ತಬಹುದು. "ಫಾದರ್, ಹಾಗಾದರೆ ಮರಳಿನ ಮೇಲೆ ನಡೆಯುವುದೇ ಪಾಪವೇ?" ಖಂಡಿತ ಅಲ್ಲ. ಇದಕ್ಕೆ ಉತ್ತರ ಅದೇ ಕರಾವಳಿಯಲ್ಲಿ, ಸೂಲಾಕಿನಿಂದ ಸುಮಾರು ನೂರು ಕಿಲೋಮೀಟರ್ ದಕ್ಷಿಣಕ್ಕೆ ಇದೆ. ಅಲ್ಲಿ ಪಿಲಾ ಎಂಬ ಹೆಸರಿನ ಮಹಾದಿಬ್ಬವಿದೆ, ಯುರೋಪಿನಲ್ಲೇ ಅತಿ ಎತ್ತರದ್ದು. ನೂರು ಮೀಟರಿಗೂ ಹೆಚ್ಚು ಎತ್ತರ, ಮೂರು ಕಿಲೋಮೀಟರಿಗೆ ತುಸು ಕಡಿಮೆ ಉದ್ದ. 1978ರಿಂದ ಅದು ಕಾನೂನಿನ ರಕ್ಷಣೆಯಲ್ಲಿದೆ. ಅದರ ಬೆನ್ನಿನ ಮೇಲೆ ಹುಲ್ಲಿಲ್ಲ, ಬರೀ ಮರಳು. ಪ್ರತಿ ವರ್ಷ ಹತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ಹತ್ತುತ್ತಾರೆ. ಬೇಸಿಗೆಯಲ್ಲಿ ಅವರಿಗಾಗಿ ಮೆಟ್ಟಿಲು ಇಡುತ್ತಾರೆ. ಮಕ್ಕಳು ಮೇಲಿನಿಂದ ಉರುಳಿಕೊಂಡು ಬರುತ್ತಾರೆ. ಆ ದಿಬ್ಬದ ಮೇಲೆ ಹಗಲು ಬಿದ್ದ ಹೆಜ್ಜೆಗಳನ್ನು ಇರುಳ ಗಾಳಿ ಅಳಿಸಿಬಿಡುತ್ತದೆ. ಅದು ವರ್ಷಕ್ಕೆ ಒಂದರಿಂದ ಐದು ಮೀಟರ್‌ನಷ್ಟು ಒಳಕ್ಕೆ ಸರಿಯುತ್ತಾ ತನ್ನ ಬುಡದ ಪೈನ್ ಮರಗಳನ್ನು ನುಂಗುತ್ತದೆ. ಅದನ್ನು ಯಾರೂ ತಡೆಯುವುದಿಲ್ಲ. ಹಾಗೆ ಸರಿಯಲು ಬಿಡುವುದೇ ಅಲ್ಲಿ ರಕ್ಷಣೆ.

ನೋಡಿ, ಅದೇ ಕಾಲು, ಅದೇ ಮರಳು. ಒಂದು ಕಡೆ ಹೆಜ್ಜೆ ಆಟ, ಇನ್ನೊಂದು ಕಡೆ ಗಾಯ. ಒಂದು ಕೃತ್ಯ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಕೃತ್ಯವನ್ನು, ಉದ್ದೇಶವನ್ನು, ಜೊತೆಗೆ ಸನ್ನಿವೇಶವನ್ನೂ ನೋಡಬೇಕು ಎಂದು ಸಂತ ತೋಮಸ್ ಅಕ್ವಿನಾಸ್ ಕಲಿಸುತ್ತಾರೆ. ನನ್ನ ಉದ್ದೇಶ ಒಳ್ಳೆಯದೇ ಆಗಿತ್ತು, ಅಮ್ಮನಿಗೆ ಒಂದು ಫೋಟೋ. ನಾನು ನೋಡದೆ ಬಿಟ್ಟದ್ದು ಕಾಲ ಕೆಳಗಿನ ಹುಲ್ಲನ್ನು ಮತ್ತು ಬೆನ್ನ ಹಿಂದಿನ ಮಕ್ಕಳನ್ನು. ಬೇಲಿ ಕಟ್ಟಿದವರು ನನಗಿಂತ ಮೊದಲೇ ಅದನ್ನು ನೋಡಿದ್ದರು. ಬೇಲಿ ಎಂದರೆ ಒಬ್ಬರು ಕಂಡು ತಿಳಿದದ್ದನ್ನು ನಂತರ ಬರುವವರಿಗೆ ಹೇಳುವ ಮಾತು. ಎಲ್ಲ ನಿಯಮವೂ ಹೀಗೆ ಎನ್ನಲಾರೆ. ಆದರೆ ದಾಟುವ ಮುಂಚೆ "ಇದನ್ನು ಇಲ್ಲಿ ಯಾಕೆ ಕಟ್ಟಿದರು?" ಎಂದು ಕೇಳುವ ವಿನಯವಾದರೂ ಇರಬೇಕಲ್ಲವೇ?

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. "ನಾವೆಲ್ಲ ಎಷ್ಟೇ ಎಚ್ಚರದಿಂದ ನಡೆದರೂ ಕಡಲು ತನಗೆ ಬೇಕಾದ್ದನ್ನು ಮಾಡುತ್ತದಲ್ಲ?" ನಿಜ. ಸೂಲಾಕಿನಲ್ಲೇ 1960ರ ದಶಕದ ಕೊನೆಯಲ್ಲಿ ಕಡಲಿನಿಂದ ಇನ್ನೂರು ಮೀಟರ್ ದೂರದಲ್ಲಿ 78 ಮನೆಗಳ ಒಂದು ಕಟ್ಟಡ ಎದ್ದಿತು. ದಂಡೆ ಸವೆಯುತ್ತಾ ಬಂತು. 2014ರಲ್ಲಿ ಅಲ್ಲಿನವರನ್ನೆಲ್ಲ ತೆರವು ಮಾಡಿಸಿದರು. 2023ರಲ್ಲಿ ಕಟ್ಟಡವನ್ನೇ ಕೆಡವಿದರು. ನಾನು ಹೋದಾಗ ಆ ಜಾಗ ಬರಿದಾಗಿತ್ತು. ಮರಳಿನ ಮೇಲೆ ಮನೆ ಕಟ್ಟಿದ ಮನುಷ್ಯನ ಬಗ್ಗೆ ಪ್ರಭು ಯೇಸು ಹೇಳಿದ ಸಾಮತಿ ನೆನಪಾಗದೆ ಇರುವುದಿಲ್ಲ. ಆದರೆ ಆ ಮನೆಗಳ ಮಾಲೀಕರನ್ನು ಮೂರ್ಖರೆಂದು ನಗಲು ನನಗೆ ಮನಸ್ಸಾಗಲಿಲ್ಲ. ಜೀವಮಾನದ ಉಳಿತಾಯವನ್ನು ಹಾಕಿ, ಕಟ್ಟಲು ಅನುಮತಿ ಇದೆಯೆಂದು ನಂಬಿ ಕೊಂಡವರು ಅವರು. ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. ನಮ್ಮ ಸಣ್ಣ ಎಚ್ಚರ ಎಲ್ಲವನ್ನೂ ಉಳಿಸುತ್ತದೆಂದು ನಾನು ಹೇಳುತ್ತಿಲ್ಲ. ತಾಯಿ ಮಗುವಿನ ಜ್ವರಕ್ಕೆ ರಾತ್ರಿಯೆಲ್ಲ ತಣ್ಣೀರ ಪಟ್ಟಿ ಹಾಕುವುದು ಗುಣವಾಗುವ ಖಾತ್ರಿ ಇದ್ದಾಗ ಮಾತ್ರವೇ? ನಮಗೆ ಒಪ್ಪಿಸಿದ್ದನ್ನು ಕಾಯುವುದು ನಮ್ಮ ಪಾಲಿನ ಕೆಲಸ. ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಕೃಷಿ ಮಾಡಲು ಮತ್ತು ಕಾಯಲು. ಗೆಲುವಿನ ಭರವಸೆ ಕೊಟ್ಟು ಅಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ದಿಬ್ಬಗಳ ಹಿಂದಿನ ಒಳನಾಡು ಮೊದಲು ಜೌಗು ಹುಲ್ಲುಗಾವಲಾಗಿತ್ತು. ಕುರಿ ಕಾಯುವವರು ಎತ್ತರದ ಮರಗಾಲು ಕಟ್ಟಿಕೊಂಡು ಅಲ್ಲಿ ನಡೆಯುತ್ತಿದ್ದರು. 1857ರ ಒಂದು ಕಾನೂನು ಆ ಸಾಮೂಹಿಕ ನೆಲದ ನೀರು ಬಸಿದು ಪೈನ್ ಬೆಳೆಸಬೇಕೆಂದು ಊರುಗಳನ್ನು ಕಡ್ಡಾಯಪಡಿಸಿತು. ಕಾಡು ಬೆಳೆಯಿತು, ರಾಳ ಮತ್ತು ಮರದ ವ್ಯಾಪಾರ ಬೆಳೆಯಿತು. ಕುರುಬರ ಮೇವಿನ ನೆಲ ಹೋಯಿತು. ಫೆಲಿಕ್ಸ್ ಆರ್ನೊದಾಂ ಎಂಬವರು ತೆಗೆದ ಫೋಟೋಗಳಲ್ಲಿ ಆ ಕೊನೆಯ ಕುರುಬರು ಇಂದಿಗೂ ಮರಗಾಲಿನ ಮೇಲೆ ನಿಂತಿದ್ದಾರೆ. ಎಲ್ಲರ ಒಳಿತಿಗೆಂದು ಬೇಲಿ ಹಾಕುವಾಗ ಅದರ ಬೆಲೆಯನ್ನು ಬಡವನೊಬ್ಬನೇ ತೆರುವಂತಾದರೆ ಅದು ಪೂರ್ಣ ನ್ಯಾಯವಲ್ಲ. 2015ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ತಮ್ಮ "ಲೌದಾತೊ ಸಿ" ಪತ್ರದಲ್ಲಿ ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಬೇರೆ ಬೇರೆ ಮಾಡಬಾರದು ಎಂದು ನಮಗೆ ತಿಳಿಸಿದ್ದು ಇದನ್ನೇ.

ಪಿಲಾ ದಿಬ್ಬದ ನೆತ್ತಿಯಲ್ಲಿ ನಿಂತು ಪೂರ್ವಕ್ಕೆ ತಿರುಗಿದರೆ ಕಾಡು. ಅದರ ಒಂದು ದೊಡ್ಡ ಭಾಗ ಬೋಳಾಗಿ ಕಂದಾಗಿತ್ತು. 2022ರ ಜುಲೈನಲ್ಲಿ ಕಾಡಿನ ದಾರಿಯಲ್ಲಿ ಒಂದು ವಾಹನಕ್ಕೆ ಹತ್ತಿದ ಬೆಂಕಿ ಬಿಸಿಲಿಗೆ ಒಣಗಿದ ಮರಗಳಿಗೆ ಹಬ್ಬಿತು. ದಿಬ್ಬದ ಬುಡದಲ್ಲಿ ಬಿಡಾರ ಹೂಡಿದ್ದ ಸುಮಾರು 6,000 ಪ್ರವಾಸಿಗರನ್ನು ತೆರವು ಮಾಡಿಸಬೇಕಾಯಿತು. ಆ ಒಂದು ಕಡೆಯೇ 5,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟುಹೋಯಿತು. ತಲೆಮಾರುಗಳು ಬೆಳೆಸಿ ಕಾಪಾಡಿದ್ದು ಕೆಲವೇ ದಿನಗಳಲ್ಲಿ ಬೂದಿ. ಅಲ್ಲಿಂದ ಕೆಳಗಿಳಿದು ದಾರಿಯಂಚಿನಲ್ಲಿ ಬಗ್ಗಿ ನೋಡಿದಾಗ ಬೂದಿಬಣ್ಣದ ಮರಳಿನಲ್ಲಿ ಬೆರಳುದ್ದದ ಪೈನ್ ಸಸಿಗಳು ಕಂಡವು. ಸುಟ್ಟ ಮರಗಳ ಕಾಯಿಂದ ಉದುರಿದ ಬೀಜಗಳು ಅವು. ಈ ಸಲ ನಾನು ದಾರಿ ಬಿಟ್ಟು ಕಾಲಿಡಲಿಲ್ಲ.

ಪ್ರಿಯ ಓದುಗರೇ, ಇಷ್ಟು ದೂರದ ಕಥೆ ನಮಗೇಕೆ ಎನ್ನಬೇಡಿ. ಊರಿಗೆ ಮರಳಿದ ಮೇಲೆ ನನಗೊಂದು ಹಳೆಯ ಸಂಗತಿ ಚುಚ್ಚಿತು. ನಾನು ಹಿಂದೆ ಇದ್ದ ಧರ್ಮಕೇಂದ್ರದಲ್ಲಿ ಸಭಾಭವನ ಕಟ್ಟುವಾಗ ರಾತ್ರಿ ಹೊತ್ತಿನಲ್ಲಿ ಲಾರಿಗಳಲ್ಲಿ ಮರಳು ಬಂದು ಬೀಳುತ್ತಿತ್ತು. ಯಾವ ಹೊಳೆಯದು, ಪರವಾನಗಿ ಇದೆಯೇ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಕೆಲಸ ನಿಲ್ಲುತ್ತಿತ್ತೇನೋ ಎಂಬ ಭಯ. "ನಾಲ್ಕು ಲೋಡ್ ಮರಳಿಗೆ ಹೊಳೆ ಬತ್ತುತ್ತದೆಯೇ?" ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡೆ. ಆ ಭವನದಲ್ಲೇ ನಾನು ಮಕ್ಕಳಿಗೆ ಧರ್ಮೋಪದೇಶ ಮಾಡಿದ್ದೇನೆ. ಹೊಳೆಯ ದಂಡೆ ಕುಸಿದು ತೆಂಗಿನ ಮರ ಕಳೆದುಕೊಂಡವರು ಆ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಯಾರಾದರೂ ಇದ್ದರೇ? ಅದನ್ನೂ ನಾನು ಕೇಳಲಿಲ್ಲ. ಇನ್ನು ಮುಂದೆ ಕೇಳುತ್ತೇನೆ. ಕೆಲಸ ಎರಡು ತಿಂಗಳು ತಡವಾದರೂ ಸರಿ.

ನಿಮ್ಮ ಮನೆಯಲ್ಲೂ ಇಂಥ ಹುಲ್ಲು ಬೆಳೆದ ದಿಬ್ಬಗಳಿವೆ. ಗೆಳೆಯರ ನಡುವೆ ಆಡಿದರೆ ನಗೆಚಾಟಿಕೆಯಾಗಿ ಹಾರಿಹೋಗುವ ಮಾತು ಹೆಂಡತಿಯ ಮೇಲೆ, ಓದಿನಲ್ಲಿ ಹಿಂದಿರುವ ಮಗನ ಮೇಲೆ, ಮೂಲೆಯಲ್ಲಿ ಕುಳಿತ ಅತ್ತೆಯ ಮೇಲೆ ಬಿದ್ದರೆ ಉಳಿದುಬಿಡುತ್ತದೆ. ಒಂದು ಮಾತಿಗೆ ಮನೆ ಒಡೆಯದು ಎನ್ನುತ್ತೇವೆ. ನಿಜ, ಒಡೆಯದು. ಆದರೆ ಮಾತು ಬಿದ್ದ ಜಾಗದಲ್ಲೇ ಮತ್ತೆ ಮತ್ತೆ ಬಿದ್ದಾಗ ಅಲ್ಲಿ ಹುಲ್ಲು ಸಾಯುತ್ತದೆ. ಅಪ್ಪ ನಡೆದ ದಾರಿಯಲ್ಲಿ ಮಕ್ಕಳು ನಡೆಯುತ್ತಾರೆ. ಹಾಗೆಯೇ ಒಂದು ಒಳ್ಳೆಯ ಮಾತಿಗೆ ಮನೆ ಉದ್ಧಾರವಾಗದು, ಒಂದು ಬೀಜಕ್ಕೆ ಕಾಡು ಆಗದ ಹಾಗೆ. ಆದರೂ ಬಿತ್ತಬೇಕು, ಗಾಳಿಗೆ ಹಾರದಂತೆ ಮೇಲೆ ಒಂದು ಕೊಂಬೆ ಹೊದಿಸಬೇಕು.

ಅಂದು ಸಂಜೆ ಆ ಫೋಟೋವನ್ನು ಅಮ್ಮನಿಗೆ ಕಳುಹಿಸಿದೆ. "ಬಹಳ ಚೆನ್ನಾಗಿದೆ ಮಗ, ಅಲ್ಲಿಗೆ ಹೋಗಲು ದಾರಿ ಇದೆಯಾ?" ಎಂದು ಕೇಳಿದರು. ಇಲ್ಲ ಎಂದು ಹೇಳಬೇಕಾಯಿತು. ಮುಂದಿನ ಸಲ ಒಂದು ಬೇಲಿಯ ಮುಂದೆ ನಿಂತು "ನನ್ನೊಬ್ಬನಿಂದ ಏನಾದೀತು?" ಎಂದು ನಿಮ್ಮ ನಾಲಿಗೆಗೆ ಬಂದಾಗ ಒಮ್ಮೆ ಹಿಂದಕ್ಕೆ ತಿರುಗಿ ನೋಡಿ. ನಿಮ್ಮ ಹಿಂದೆ ಯಾರು ಬರುತ್ತಿದ್ದಾರೆ?